ಹಿಟ್ಟು ಕಾಯಲಿ, ಹೆಂಚೂ ಕಾಯಲಿ

ಬಿಡದಿಗೆ ಹೆಸರು ಬಂದಿರುವುದು ಎರಡು ಸರಕಿನಿಂದ. ಒಂದು ಟೊಯೋಟಾ ಕಾರು, ಇನ್ನೊಂದು ತಟ್ಟೆ ಇಡ್ಲಿ. ಕಾರಿನ ಕಾರ್ಖಾನೆ ನೋಡುವುದಕ್ಕೆ ಎಂಬಿಎ ಓದುವ ಮಕ್ಕಳು ಕಾಲೇಜಿನ ಬಸ್ಸಿನಲ್ಲಿ ಹೋಗುತ್ತಾರೆ. ನೆಲಕ್ಕೆ ಬಳಿದ ಗೆರೆ ದಾಟದೆ ಸಾಲಾಗಿ ನಡೆದು, ಕೇಳಿದ್ದನ್ನೆಲ್ಲ ನೋಟ್ಸ್ ಮಾಡಿಕೊಂಡು, ಥ್ಯಾಂಕ್ಸ್ ಹೇಳಿ ಹೊರಡುತ್ತಾರೆ. ಅಷ್ಟರಲ್ಲಿ ಹಸಿವು. ಬಸ್ಸು ಇಡ್ಲಿ ಹೋಟೆಲಿನ ಮುಂದೆ ನಿಲ್ಲುತ್ತದೆ. ಇಲ್ಲಿ ಮಾತ್ರ ಪುಸ್ತಕ ಚೀಲದಿಂದ ಈಚೆ ಬರುವುದಿಲ್ಲ. ಬೆಣ್ಣೆ ಕರಗಿ ತಟ್ಟೆಯ ಅಂಚಿಗೆ ಇಳಿಯುವಷ್ಟರಲ್ಲಿ ಇಡ್ಲಿ ಮುಗಿಸಿ, ಕೈತೊಳೆದು, ಬಸ್ಸು ಹತ್ತಿಬಿಡುತ್ತಾರೆ. ನನ್ನ ತಕರಾರು ಇಷ್ಟೇ: ಉತ್ಪಾದನೆಯನ್ನು ನಿಭಾಯಿಸುವುದು ಹೇಗೆಂಬ ಪಾಠ ಎರಡೂ ಕಡೆ ನಡೆದಿತ್ತು, ಮಕ್ಕಳು ಒಂದಕ್ಕೆ ಮಾತ್ರ ಹಾಜರಿ ಹಾಕಿ ಬಂದರು.

ಉತ್ಪಾದನೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಚಿಮಣಿ, ಸೈರನ್ನು, ನೀಲಿ ಯೂನಿಫಾರಂ ಬಂದು ನಿಲ್ಲುತ್ತವೆ. ಬೆಂಗಳೂರಿನ ಹಳಬರಿಗಂತೂ ಎಚ್‌ಎಂಟಿ, ಐಟಿಐ, ಬಿಇಎಲ್, ಅವುಗಳ ಶಿಫ್ಟು ಬಿಡುವ ಹೊತ್ತಿನ ಸೈಕಲ್ ಪ್ರವಾಹ. ಆದರೆ ದಪ್ಪ ದಪ್ಪ ಪುಸ್ತಕಗಳನ್ನೆಲ್ಲ ಹಿಂಡಿದರೆ ಉಳಿಯುವ ಪ್ರಶ್ನೆ ನಾಲ್ಕೇ. ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವ ಹೊತ್ತಿಗೆ ಮಾಡಬೇಕು, ಯಾರ ಕೈಲಿ ಮಾಡಿಸಬೇಕು. ಕಾರು ಮಾಡುವವರಿಗೆ ಉತ್ತರ ಹುಡುಕಲು ತಿಂಗಳುಗಟ್ಟಲೆ ಪುರುಸೊತ್ತಿದೆ, ಕಂಪ್ಯೂಟರಿದೆ. ಹೋಟೆಲಿನವನು ಹಿಂದಿನ ದಿನ ಅಕ್ಕಿ ನೆನೆಹಾಕುವಾಗಲೇ ಉತ್ತರ ಕೊಟ್ಟುಬಿಟ್ಟಿರಬೇಕು. ನಾಳೆ ಮಳೆ ಬಂದೀತೇ, ಮದುವೆ ಮುಹೂರ್ತವಿದೆಯೇ, ಕ್ರಿಕೆಟ್ ಮ್ಯಾಚಿದೆಯೇ, ಶಾಲೆಗೆ ರಜೆಯೇ, ಎಲ್ಲವೂ ಅವನ ಸೇರು ಅಳತೆಯೊಳಗೆ ಬಂದು ಕೂರುತ್ತವೆ. ಮಾರಾಟವಾಗದ ಕಾರು ಅಂಗಳದಲ್ಲಿ ನಿಂತು ಧೂಳು ಹಿಡಿಯುತ್ತದೆ, ಒರೆಸಿದರೆ ಮತ್ತೆ ಹೊಸದು. ಮಾರಾಟವಾಗದ ಕಾಯಿಚಟ್ನಿ ಮಧ್ಯಾಹ್ನಕ್ಕೇ ಹಳಸುತ್ತದೆ. ಅದನ್ನು ಅಡವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕು ಇನ್ನೂ ಹುಟ್ಟಿಲ್ಲ.

ಇಡ್ಲಿಯನ್ನೂ ದೋಸೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ಅಕ್ಕಿ, ಉದ್ದು, ಉಪ್ಪು, ಒಂದು ರಾತ್ರಿಯ ನಿದ್ದೆ. ಆಮೇಲೆ ದಾರಿ ಬೇರೆ. ನೀವು ಹೋಟೆಲಿನ ಮೆಟ್ಟಿಲು ಹತ್ತುವ ಮೊದಲೇ ಇಡ್ಲಿ ಬೆಂದು, ಬಟ್ಟೆ ಹೊದ್ದುಕೊಂಡು ಬಿಸಿ ಪಾತ್ರೆಯಲ್ಲಿ ಕೂತಿರುತ್ತದೆ. ದೋಸೆಯದು ಹಾಗಲ್ಲ. ಹಿಟ್ಟು ಸಿದ್ಧ, ಆಲೂಗೆಡ್ಡೆ ಪಲ್ಯ ಸಿದ್ಧ, ಕೆಂಪು ಚಟ್ನಿ ಸಿದ್ಧ, ಹೆಂಚೂ ಕಾದಿದೆ. ಆದರೂ ನೀವು ಟೋಕನ್ ಇಡುವವರೆಗೆ ಭಟ್ಟರು ಸೌಟು ಎತ್ತುವುದಿಲ್ಲ. ಕಾರಣ ಸರಳ. ಇಡ್ಲಿ ಇಪ್ಪತ್ತು ನಿಮಿಷ ಕಾದರೂ ಇಡ್ಲಿಯೇ. ದೋಸೆ ಐದು ನಿಮಿಷ ಕಾದರೆ ಗರಿ ಹೋಗಿ, ಮೆತ್ತಗಾಗಿ, ಎಳೆದರೆ ಬಾಗುತ್ತದೆ, ಮುರಿಯುವುದಿಲ್ಲ. ಹಾಗಾಗಿ ಇಡ್ಲಿಯ ಕೆಲಸವನ್ನು ಪೂರ್ತಿ ಮುಗಿಸಿ ಇಡಬಹುದು, ದೋಸೆಯ ಕೆಲಸವನ್ನು ಹಿಟ್ಟಿನ ಹಂತದಲ್ಲಿ ನಿಲ್ಲಿಸಿ ಗಿರಾಕಿಯ ದಾರಿ ನೋಡಬೇಕು.

ವ್ಯಾಪಾರದ ಮುಕ್ಕಾಲು ಬುದ್ಧಿವಂತಿಕೆ ಈ ನಿಲ್ದಾಣವನ್ನು ಹುಡುಕುವುದರಲ್ಲಿದೆ ಎಂದು ನನ್ನ ವಾದ. ಮ್ಯಾನೇಜ್‌ಮೆಂಟ್ ಅಂದರೆ ಅವಸರ ಎಂದುಕೊಂಡವರೇ ಹೆಚ್ಚು. ಬೇಗ ಮಾಡು, ಇನ್ನೂ ಬೇಗ ಮಾಡು. ಆದರೆ ಎಷ್ಟೇ ಬೇಗ ಮಾಡಿದರೂ ಯಾರಾದರೊಬ್ಬರು ಕಾಯಲೇಬೇಕು. ಹಿಟ್ಟು ಕಾಯಬೇಕು, ಇಲ್ಲವೇ ಬೆಂದ ಪದಾರ್ಥ ಕಾಯಬೇಕು, ಇಲ್ಲವೇ ಭಟ್ಟರು ಕೈಕಟ್ಟಿ ಕಾಯಬೇಕು, ಇಲ್ಲವೇ ಗಿರಾಕಿ ಕಾಯಬೇಕು. ಯಾರನ್ನು ಕಾಯಿಸುವುದು ಎಂಬುದೇ ಯಜಮಾನನ ತೀರ್ಮಾನ. ಬಣ್ಣದ ಅಂಗಡಿಯಲ್ಲಿ ನೋಡಿ, ಸಾವಿರಾರು ಬಣ್ಣಗಳ ಕಾರ್ಡು ತೋರಿಸುತ್ತಾರೆ. ಒಳಗೆ ಇರುವುದು ಬಿಳಿ ಬೇಸಿನ ಡಬ್ಬಗಳು. ನೀವು ಬಣ್ಣ ಆರಿಸಿದ ಮೇಲೆ ಯಂತ್ರ ಅದಕ್ಕೆ ನಾಲ್ಕು ಹನಿ ಹಾಕಿ ಗಡಗಡ ಕುಲುಕಿ ಕೊಡುತ್ತದೆ. ಡಬ್ಬದಲ್ಲಿ ಕಾಯುತ್ತಿದ್ದುದು ಹಿಟ್ಟು, ಕೊನೆಗೆ ಹುಯ್ದದ್ದು ದೋಸೆ.

ಟೊಯೋಟಾದ ವಿಷಯಕ್ಕೆ ಬಂದರೆ, ಅಲ್ಲಿಯ ಎಂಜಿನಿಯರ್ ತೈಚಿ ಓನೊ 1956ರಲ್ಲಿ ಅಮೆರಿಕಕ್ಕೆ ಹೋಗಿದ್ದರು. ಕಾರಿನ ಕಾರ್ಖಾನೆಗಳನ್ನು ನೋಡಿದ್ದೇನೋ ನೋಡಿದರು, ಮನಸ್ಸು ನೆಟ್ಟಿದ್ದು ಸೂಪರ್ ಮಾರ್ಕೆಟ್ಟಿನ ಮೇಲೆ. ಗಿರಾಕಿ ಕಪಾಟಿನಿಂದ ತನಗೆ ಬೇಕಾದ್ದನ್ನು ಬೇಕಾದಷ್ಟೇ ಎತ್ತಿಕೊಳ್ಳುತ್ತಾನೆ. ಅಂಗಡಿಯವರು ಖಾಲಿಯಾದಷ್ಟನ್ನೇ ತುಂಬುತ್ತಾರೆ. ಇದನ್ನೇ ಅವರು ಕಾರ್ಖಾನೆಯೊಳಗೆ ತಂದರು. ಮುಂದಿನ ಹಂತದವನು ಬಿಡಿಭಾಗ ಎತ್ತಿಕೊಂಡಾಗ ಒಂದು ಚೀಟಿ ಹಿಂದಿನ ಹಂತಕ್ಕೆ ಹೋಗುತ್ತದೆ. ಚೀಟಿ ಬಂದರೆ ಮಾಡು, ಬಾರದಿದ್ದರೆ ಸುಮ್ಮನಿರು. ಈ ಚೀಟಿಯೇ ಕಾನ್‌ಬಾನ್. ಬೇಡದ್ದನ್ನು ಬೇಡದ ಹೊತ್ತಿಗೆ ಮಾಡಿ ರಾಶಿ ಹಾಕುವುದು ಎಲ್ಲ ಪೋಲಿಗಿಂತ ದೊಡ್ಡ ಪೋಲು ಎಂಬುದು ಓನೊ ಅವರ ಮತ. ಪೋಲುಗಳಲ್ಲಿ ಏಳು ಬಗೆ ಎಂದು ಅವರು ಪಟ್ಟಿ ಮಾಡಿದರು. ಅಗತ್ಯಕ್ಕಿಂತ ಹೆಚ್ಚು ಮಾಡಿಡುವುದಕ್ಕೆ ಅದರಲ್ಲಿ ಅಗ್ರಪೂಜೆ.

ಈಗ ಯಾವುದಾದರೂ ದರ್ಶಿನಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತು ಕಿವಿಗೊಡಿ. ಇಡ್ಲಿ ಪಾತ್ರೆಯ ತಳ ಕಾಣುವ ಹೊತ್ತಿಗೆ ಬಡಿಸುವವನು ಒಳಗೆ ತಲೆ ಹಾಕಿ ಕೂಗುತ್ತಾನೆ, ‘ಇಡ್ಲಿ ಬರ್ಲಿ!’ ಒಳಗಿನಿಂದ ‘ಬಂತೂ’ ಎಂಬ ಉತ್ತರ. ಇದು ಕಾನ್‌ಬಾನ್ ಅಲ್ಲದೆ ಮತ್ತೇನು? ಚೀಟಿಯ ಖರ್ಚು ಉಳಿಯಿತು, ಅಷ್ಟೆ. ಪಾತ್ರೆ ತುಂಬಿದ್ದರೆ ಕೂಗಿಲ್ಲ, ಕೂಗಿಲ್ಲದಿದ್ದರೆ ಹಬೆಗೆ ಮುಂದಿನ ತಟ್ಟೆಗಳು ಏರುವುದಿಲ್ಲ. ದೋಸೆಗೆ ಈ ಕೂಗು ನಡೆಯುವುದಿಲ್ಲ. ಅಲ್ಲಿ ನೀವು ಕೊಟ್ಟ ಟೋಕನ್ನೇ ಅಪ್ಪಣೆ. ಎರಡು ಬಗೆಯ ಪದಾರ್ಥಕ್ಕೆ ಎರಡು ಬಗೆಯ ಆಜ್ಞೆ, ಒಂದೇ ಕೌಂಟರಿನ ಹಿಂದೆ. ಓನೊ ಅವರು ಹೊಸ ಎಂಜಿನಿಯರುಗಳನ್ನು ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಲ್ಲಿಸಿ, ಗಂಟೆಗಟ್ಟಲೆ ಸುಮ್ಮನೆ ನೋಡುವಂತೆ ಹೇಳುತ್ತಿದ್ದರಂತೆ. ನಮಗೆ ವೃತ್ತ ಬೇಕಿಲ್ಲ. ಕಾಫಿ ಲೋಟ ಹಿಡಿದು ಕಟ್ಟೆಗೆ ಒರಗಿದರೆ ಸಾಕು.

ಹೋಟೆಲಿನಲ್ಲಿ ಒಂದು ತೊಡಕಿದೆ, ಅದು ಕಾರಿನವರಿಗೆ ಇಲ್ಲ. ಇವರ ಮುಖ್ಯ ಕೆಲಸಗಾರರು ಕಣ್ಣಿಗೆ ಕಾಣುವುದಿಲ್ಲ. ಹಿಟ್ಟು ಹುದುಗಿಸುವ ಸೂಕ್ಷ್ಮಜೀವಿಗಳು ಯಾವ ಯಜಮಾನನ ಮಾತನ್ನೂ ಕೇಳುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಹೇಳಿದ್ದಕ್ಕಿಂತ ಬೇಗ ಕೆಲಸ ಮುಗಿಸಿ ಪಾತ್ರೆಯಿಂದ ಉಕ್ಕಿ ನೆಲಕ್ಕಿಳಿಯುತ್ತವೆ. ಡಿಸೆಂಬರಿನ ಬೆಂಗಳೂರಿನ ಚಳಿಗೆ ಮುದುರಿಕೊಂಡು ಬೆಳಗಾದರೂ ಏಳುವುದಿಲ್ಲ. ಹಳೆಯ ಭಟ್ಟರು ಇದನ್ನು ಥರ್ಮಾಮೀಟರ್ ಇಲ್ಲದೆ ನಿಭಾಯಿಸುತ್ತಿದ್ದರು. ಬೇಸಿಗೆಯಲ್ಲಿ ತಡವಾಗಿ ರುಬ್ಬು, ಚಳಿಯಲ್ಲಿ ಬೇಗ ರುಬ್ಬಿ ಒಲೆಯ ಹತ್ತಿರ ಇಡು, ಕೈಯಿಂದ ಚೆನ್ನಾಗಿ ಕಲಸು, ಬೆರಳು ಅದ್ದಿ ಹದ ನೋಡು. ಆ ಬೆರಳಿಗೆ ಸಂಬಳ ಕಡಿಮೆ, ಜವಾಬ್ದಾರಿ ಜಾಸ್ತಿ. ಒಂದು ರಾತ್ರಿ ಹದ ತಪ್ಪಿದರೆ ಮರುದಿನದ ಇಡೀ ವ್ಯಾಪಾರ ಹುಳಿ.

2005ರಲ್ಲಿ ಬೆಂಗಳೂರಿನಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು ಐಡಿ ಫ್ರೆಶ್ ಎಂಬ ಹೆಸರಿನಲ್ಲಿ ಹಿಟ್ಟನ್ನೇ ಪೊಟ್ಟಣ ಮಾಡಿ ಮಾರಲು ಹೊರಟಾಗ ಇದೇ ಅಗೋಚರ ಕೆಲಸಗಾರರ ಜೊತೆ ಗುದ್ದಾಡಬೇಕಿತ್ತು. ಪೊಟ್ಟಣದೊಳಗೂ ಅವು ಕೆಲಸ ನಿಲ್ಲಿಸುವುದಿಲ್ಲ, ಪ್ಲಾಸ್ಟಿಕ್ಕು ಬಲೂನಿನ ಹಾಗೆ ಉಬ್ಬುತ್ತದೆ. ಉಪಾಯವೆಂದರೆ ತಣ್ಣಗಿಡುವುದು. ಕಾರ್ಖಾನೆಯಿಂದ ವ್ಯಾನು, ವ್ಯಾನಿನಿಂದ ಅಂಗಡಿಯ ಫ್ರಿಜ್ಜು, ಫ್ರಿಜ್ಜಿನಿಂದ ನಮ್ಮ ಮನೆ. ಎಲ್ಲಿಯೂ ಚಳಿ ತಪ್ಪಕೂಡದು. ರುಬ್ಬುವ ಕಲ್ಲು ಸಾಲದು, ಚಳಿಯ ಸರಪಳಿಯೂ ಬೇಕು. ನಮ್ಮ ಅಜ್ಜಿಯರಿಗೆ ಬಾಡಿಗೆ ಇಲ್ಲದೆ ಒದಗುತ್ತಿದ್ದ ಅಡುಗೆಮನೆಯ ಮೂಲೆಯನ್ನು ಈಗ ಊರಗಲ ಹಾಸಿದ್ದಾರೆ ಎನ್ನಿ.

ಹುದುಗಿಸುವ ತಾಪತ್ರಯವನ್ನೇ ತಪ್ಪಿಸಿದವರೂ ಇದ್ದಾರೆ. ಎಂಟಿಆರ್‌ನವರ ಕಥೆ ಗೊತ್ತಿರಬಹುದು. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಯ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಎಲ್ಲಿಂದ? ರವೆಯಲ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿತು. ಎಲ್ಲರೂ ಇದನ್ನು ರುಚಿಯ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಗಡಿಯಾರದ ಕಥೆಯಾಗಿಯೂ ಕಾಣುತ್ತದೆ. ನೆನೆಹಾಕುವುದಿಲ್ಲ, ರುಬ್ಬುವುದಿಲ್ಲ, ರಾತ್ರಿಯಿಡೀ ಕಾಯುವುದಿಲ್ಲ. ರವೆ ಹುರಿದು ಮೊಸರು, ಸೋಡ ಬೆರೆಸಿ ಹಬೆಗಿಟ್ಟರೆ ಆಯಿತು. ಇಂದು ಎಷ್ಟು ಜನ ಬರುತ್ತಾರೆಂಬ ಊಹೆಯನ್ನು ನಿನ್ನೆಯೇ ಮಾಡಬೇಕಿದ್ದ ಮನುಷ್ಯ ಈಗ ಇಂದು ಬೆಳಿಗ್ಗೆ ಮಾಡಿದರೆ ಸಾಕು. ಮುಂದೆ ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ದರ ಇಳಿಸಬೇಕೆಂಬ ಸರ್ಕಾರಿ ಕಟ್ಟಳೆ ಬಂದು, ಆ ದರಕ್ಕೆ ಆ ಗುಣಮಟ್ಟ ಸಾಧ್ಯವಿಲ್ಲದೆ ಹೋದಾಗ, ಅದೇ ರವೆ ಇಡ್ಲಿ ಪುಡಿಯಾಗಿ ಪೊಟ್ಟಣ ಸೇರಿತು. ಹುದುಗಿಸಬೇಕಾದ ಇಡ್ಲಿಗೆ ಇಷ್ಟು ಸಲೀಸಾಗಿ ಪೊಟ್ಟಣ ಪ್ರವೇಶ ಸಿಗುತ್ತಿರಲಿಲ್ಲ. ಆಗ ಮುಚ್ಚಿದ ಹೋಟೆಲು ಮತ್ತೆ ಬಾಗಿಲು ತೆರೆದದ್ದು 1984ರಲ್ಲಿ. ಪೊಟ್ಟಣದ ವ್ಯಾಪಾರ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು, ಹೋಟೆಲು ಮಯ್ಯರ ಮನೆಯಲ್ಲೇ ಉಳಿಯಿತು.

ಏನು ಮಾಡಬೇಕು ಎಂಬುದಕ್ಕಿಂತ ಏನು ಮಾಡಬಾರದು ಎಂಬುದು ಕಷ್ಟದ ಪ್ರಶ್ನೆ. ಫೋರ್ಡ್ ಕಂಪನಿ 1914ರಿಂದ 1925ರವರೆಗೆ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣ ಒಂದರಲ್ಲೇ ಮಾಡಿತು. ಅಂಥದೇ ಬಿಗಿಯನ್ನು ನಮ್ಮಲ್ಲಿ ನೋಡಬೇಕಿದ್ದರೆ ಬೆಂಗಳೂರಿನ ಶಂಕರಪುರದಲ್ಲಿ 1965ರಿಂದ ನಡೆದುಬಂದಿರುವ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋಗಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಮುಗಿಯಿತು. ದೋಸೆ ಇಲ್ಲ. ಸಾಂಬಾರ್ ಕೇಳಿದರೆ ಅದೂ ಇಲ್ಲ, ಚಟ್ನಿ ಇದೆ. ಇಷ್ಟೇ ಮಾಡುವುದರಿಂದ ಯಾವುದೂ ಪಾತ್ರೆಯಲ್ಲಿ ಮುದಿಯಾಗುವುದಿಲ್ಲ. ಚಟ್ನಿ ಮುಗಿಯುತ್ತಲೇ ಇರುತ್ತದೆ, ಹೊಸದು ಬರುತ್ತಲೇ ಇರುತ್ತದೆ. ಇನ್ನು ಉತ್ತರ ಭಾರತೀಯ, ಚೈನೀಸ್, ಚಾಟ್, ಪಿಜ್ಜಾ ಎಂದು ಹನ್ನೆರಡು ಪುಟದ ಮೆನು ಕೊಡುವ ಹೋಟೆಲುಗಳಿವೆ. ಅಲ್ಲಿ ಫ್ರೀಜರು ಎಷ್ಟು ದೊಡ್ಡದಿರಬೇಕು ಎಂದು ನೆನೆದರೇ ನನಗೆ ಹಸಿವು ಹಿಂದೆ ಸರಿಯುತ್ತದೆ.

ಹಾಗೆಂದು ವೈವಿಧ್ಯ ಬೇಡವೆಂದಲ್ಲ. ಅದನ್ನು ಅಗ್ಗವಾಗಿ ಹುಟ್ಟಿಸುವ ಕಲೆ ನಮ್ಮವರಿಗೆ ಕರತಲಾಮಲಕ. ಖಾರಾಬಾತಿಗೂ ರವೆ, ಕೇಸರಿಬಾತಿಗೂ ಅದೇ ಮೂಟೆಯ ರವೆ. ಎರಡನ್ನೂ ಒಂದೊಂದು ಗುಡ್ಡೆ ಒಂದೇ ತಟ್ಟೆಗೆ ಹಾಕಿದರೆ ಚೌಚೌ ಬಾತ್. ಅಡುಗೆಮನೆಯಲ್ಲಿ ಒಂದು ಸೌದೆಯೂ ಹೆಚ್ಚು ಉರಿಯದೆ ಬೋರ್ಡಿನ ಮೇಲೆ ಮೂರನೆಯ ತಿಂಡಿ! ಜಗತ್ತಿನ ಯಾವ ಕಾರ್ಖಾನೆಯಲ್ಲೂ ಇದಕ್ಕಿಂತ ಸೋವಿಯ ಹೊಸ ಉತ್ಪನ್ನ ಹುಟ್ಟಿರಲಾರದು. ದೋಸೆ ಹಿಟ್ಟು ಸಂಜೆಗೆ ಹುಳಿ ತಿರುಗಿದರೆ ಈರುಳ್ಳಿ ಹೆಚ್ಚಿ ಹಾಕಿ ಉತ್ತಪ್ಪವಾಗುತ್ತದೆ. ಉಳಿದ ಅನ್ನ ಚಿತ್ರಾನ್ನದಲ್ಲಿ ಪುನರ್ಜನ್ಮ ಪಡೆಯುತ್ತದೆ. ಸೇರಿಗಿಷ್ಟು ಎಂದು ಮಾಡಿದ ಊಹೆ ತಪ್ಪಿದರೂ ಪೂರ್ತಿ ತಪ್ಪದಂತೆ ಮೆನುವಿನಲ್ಲೇ ಹಿಂಬಾಗಿಲು ಇಟ್ಟಿರುತ್ತಾರೆ.

ಇಷ್ಟು ಹೊತ್ತು ಪದಾರ್ಥದ ಮಾತಾಯಿತು. ಹೋಟೆಲು ಮಾರುವುದು ಜಾಗವನ್ನೂ ಹೌದು, ಸೇವೆಯನ್ನೂ ಹೌದು, ಇವೆರಡನ್ನೂ ಪಾತ್ರೆಯಲ್ಲಿ ಮುಚ್ಚಿಡಲು ಬರುವುದಿಲ್ಲ. ಹನ್ನೊಂದು ಗಂಟೆಗೆ ಖಾಲಿ ಬಿದ್ದ ಕುರ್ಚಿಯನ್ನು ಎತ್ತಿಟ್ಟು ಒಂಬತ್ತರ ನೂಕುನುಗ್ಗಲಿಗೆ ಬಳಸುವಂತಿಲ್ಲ. ಕುರ್ಚಿಯನ್ನೇ ತೆಗೆದುಬಿಟ್ಟರೆ? 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅದರ ಹಿಂದಿದ್ದ ಆರ್. ಪ್ರಭಾಕರ್ ಮಾಡಿದ್ದು ಇದನ್ನೇ. ನಿಂತು ತಿನ್ನಿ, ಮೊದಲು ದುಡ್ಡು ಕೊಟ್ಟು ಟೋಕನ್ ಪಡೆಯಿರಿ, ನಿಮ್ಮ ತಟ್ಟೆ ನೀವೇ ತನ್ನಿ. ಅಡುಗೆಮನೆ ಕಣ್ಣೆದುರಿಗೆ. ಇದರ ಲೆಕ್ಕ ಬಲು ಸೊಗಸು. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿದ ಸೂತ್ರವೊಂದಿದೆ. ಒಳಗಿರುವ ಜನ ಎಷ್ಟೆಂದರೆ, ನಿಮಿಷಕ್ಕೆ ಬರುವ ಜನವನ್ನು ಒಬ್ಬೊಬ್ಬರು ಒಳಗಿರುವ ನಿಮಿಷಗಳಿಂದ ಗುಣಿಸಿದಷ್ಟು. ನಿಮಿಷಕ್ಕೆ 4 ಜನ ಬರುತ್ತಾರೆ, ಕುರ್ಚಿ ಇದೆ, ಪೇಪರ್ ಇದೆ, ಫ್ಯಾನಿದೆ, 30 ನಿಮಿಷ ಕೂರುತ್ತಾರೆ ಎನ್ನಿ. ಯಾವ ಹೊತ್ತಿಗೂ ಒಳಗೆ 120 ಜನಕ್ಕೆ ಜಾಗ ಬೇಕು. ಅದೇ ಜನ ನಿಂತು 10 ನಿಮಿಷದಲ್ಲಿ ಮುಗಿಸಿದರೆ 40 ಜನಕ್ಕೆ ಜಾಗವಿದ್ದರೆ ಆಯಿತು. ಬಾಡಿಗೆ ಮೂರನೇ ಒಂದು, ವ್ಯಾಪಾರ ಅಷ್ಟೇ. ಬೆಂಗಳೂರಿನ ಮೂಲೆಮೂಲೆಯಲ್ಲೂ ದರ್ಶಿನಿಗಳು ಎದ್ದದ್ದು ಸುಮ್ಮನಲ್ಲ. ದರ ಅಗ್ಗವಾಗಿದ್ದು ನಮ್ಮ ಕಾಲುಗಳ ದೆಸೆಯಿಂದ. ಅಲ್ಲಿಗೆ ಹೋಟೆಲಿನಲ್ಲಿ ಕೂತು ಸಾಹಿತ್ಯ, ರಾಜಕೀಯ ಹರಟುವ ಪರಂಪರೆಗೆ ಪೆಟ್ಟು ಬಿತ್ತು, ಅದು ಬೇರೆ ಮಾತು. ನಿಂತುಕೊಂಡು ಹರಟೆ ಹೊಡೆಯಲು ಮೊಣಕಾಲು ಒಪ್ಪುವುದಿಲ್ಲ.

ಇದಕ್ಕೆ ತದ್ವಿರುದ್ಧ ದಾರಿಯಲ್ಲೂ ಯಶಸ್ಸಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಅಲ್ಲಿ ಕುರ್ಚಿ ಇದೆ, ಕುರ್ಚಿಗಾಗಿ ಹೊರಗೆ ಕಾಯುವ ಜನರೂ ಇದ್ದಾರೆ. ದೊಡ್ಡ ಹೆಂಚಿನ ಮೇಲೆ ದೋಸೆಗಳನ್ನು ಒಂದೊಂದಾಗಿ ಅಲ್ಲ, ಒಬ್ಬೆಯಾಗಿ ಹುಯ್ಯುತ್ತಾರೆ. ಒಬ್ಬೆ ಇಳಿದಾಗ ಸಪ್ಲೈಯರ್ ತಟ್ಟೆಗಳನ್ನು ತೋಳಿನುದ್ದಕ್ಕೂ ಪೇರಿಸಿಕೊಂಡು ಬರುವ ದೃಶ್ಯಕ್ಕೇ ಕ್ಯಾಮೆರಾ ಹಿಡಿದವರಿದ್ದಾರೆ. ಈ ವಿಧಾನದಲ್ಲಿ ಹೆಂಚು ಒಂದು ಕ್ಷಣವೂ ವ್ಯರ್ಥವಾಗುವುದಿಲ್ಲ. ನಿಮ್ಮ ಹೊಟ್ಟೆ ಮಾತ್ರ ಮುಂದಿನ ಒಬ್ಬೆಯವರೆಗೆ ಸುಮ್ಮನಿರಬೇಕು. ಇಲ್ಲಿ ಕಾಯುವವನು ಗಿರಾಕಿ, ಬೇಸರವಿಲ್ಲದೆ ಕಾಯುತ್ತಾನೆ. ಹೊರಗಿನ ಸಾಲೇ ಹೋಟೆಲಿನ ಜಾಹೀರಾತು. ಆದರೆ ಹೆಸರು ಗಳಿಸದ ಹೊಸ ಹೋಟೆಲು ಇದನ್ನು ಅನುಕರಿಸಹೊರಟರೆ ಗಿರಾಕಿ ಪಕ್ಕದ ದರ್ಶಿನಿಗೆ ನಡೆಯುತ್ತಾನೆ.

ಜನರ ಕೆಲಸವನ್ನು ಹಂಚುವುದರಲ್ಲಿಯೂ ಒಂದು ಜಾಣ್ಮೆಯಿದೆ. ತಿಂಡಿಯ ನೂಕು ಹತ್ತೂವರೆಗೆ ಇಳಿಯುತ್ತದೆ. ಆಗ ಹೋಟೆಲಿನೊಳಗೆ ಇಣುಕಿದರೆ ಬೆಳಿಗ್ಗೆ ಲೋಟ ತೊಳೆಯುತ್ತಿದ್ದವನು, ಟೇಬಲ್ ಒರೆಸುತ್ತಿದ್ದವನು, ತಟ್ಟೆ ಕೊಡುತ್ತಿದ್ದವನು ಎಲ್ಲರೂ ಸುತ್ತ ಕೂತು ಹುರುಳಿಕಾಯಿ ಹೆಚ್ಚುತ್ತಿರುತ್ತಾರೆ, ಈರುಳ್ಳಿ ಸುಲಿಯುತ್ತಿರುತ್ತಾರೆ. ಮಧ್ಯಾಹ್ನದ ಊಟಕ್ಕೂ ಸಂಜೆಯ ಬಜ್ಜಿ ಬೋಂಡಕ್ಕೂ ಅಲ್ಲೇ ಅಡಿಪಾಯ. ಉಡುಪಿ, ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಲೋಟ ತೊಳೆದು, ಸಪ್ಲೈಯರ್ ಆಗಿ, ಒಲೆಯ ಮುಂದೆ ಬೆವರಿ, ಕೊನೆಗೆ ಕ್ಯಾಷಿನಲ್ಲಿ ಕೂತವರ ಕಥೆಗಳು ನೂರಾರು. ಎಲ್ಲ ಕೆಲಸ ಮಾಡಿಬಂದ ಯಜಮಾನನಿಗೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರೂ ವರದಿ ಕೊಡಬೇಕಿಲ್ಲ.

ಎಲ್ಲ ಸರಿಯಿದ್ದರೂ ಕೈಮೀರಿದ್ದು ಒಂದಿದ್ದೇ ಇರುತ್ತದೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾಯಿತು. ಕಾರುಗಳು ಬಿಡದಿಯ ಒಳಗೆ ಬರದೆ ಪಕ್ಕದಲ್ಲೇ ಹಾರಿಹೋದವು. ಇಡ್ಲಿಯ ಹದ ಅದೇ, ಬೆಣ್ಣೆ ಅದೇ, ತಿನ್ನುವವರ ಸಂಖ್ಯೆ ಇಳಿಯಿತು. ಈಗ ಬೆಂಗಳೂರಿನ ಬಡಾವಣೆಗಳಲ್ಲೇ ‘ಬಿಡದಿ ತಟ್ಟೆ ಇಡ್ಲಿ’ ಎಂಬ ಬೋರ್ಡುಗಳು. ಗಿರಾಕಿ ಊರಿಗೆ ಬಾರದಿದ್ದರೆ ಊರಿನ ಹೆಸರೇ ಗಿರಾಕಿಯ ಬಳಿಗೆ ಹೊರಟಿತು.

ದೋಸೆಗೆ ಬಂದಿರುವ ಕುತ್ತು ಇದಕ್ಕಿಂತ ದೊಡ್ಡದು. ಹೆಂಚಿನ ಮುಂದೆ ಈಗ ಎರಡು ಸಾಲು. ಒಂದು ನಮ್ಮ ಸಾಲು, ಕಣ್ಣಿಗೆ ಕಾಣುತ್ತದೆ. ಇನ್ನೊಂದು ಮೊಬೈಲಿನೊಳಗಿನ ಸಾಲು, ಭಟ್ಟರಿಗೂ ಕಾಣುವುದಿಲ್ಲ, ಒಂದೇ ಸಲ ಎಂಟು ದೋಸೆಯಾಗಿ ಬಂದು ಬೀಳುತ್ತದೆ. ನಮ್ಮ ಬಡಾವಣೆಯ ಹೋಟೆಲೊಂದರಲ್ಲಿ ನನ್ನ ಟೋಕನ್ನಿನ ದೋಸೆ ಕಣ್ಣೆದುರೇ ಮಡಚಿಕೊಂಡು ಡಬ್ಬಿ ಸೇರಿ ಬೇರೆ ಯಾರದೋ ಮನೆಗೆ ಹೊರಟಿತು. ಮುಂದಿನದು ನಿಮಗೇ ಎಂದರು. ಕೋಪ ಬಂದದ್ದು ನನ್ನ ಸರದಿ ಹೋಯಿತೆಂದಲ್ಲ. ಟೋಕನ್ ಬರುವವರೆಗೆ ಸೌಟು ಎತ್ತದೆ, ಐದು ನಿಮಿಷ ಕೂಡ ಕಾಯಿಸಬಾರದೆಂದು ಇಷ್ಟೆಲ್ಲ ವ್ಯವಸ್ಥೆ ಕಟ್ಟಿ, ಕೊನೆಗೆ ಆ ದೋಸೆಯನ್ನು ಅದರದ್ದೇ ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಲ್ಲಿಸುವುದಿದೆಯಲ್ಲ, ಅದಕ್ಕೆ. ಕೆಲವು ಹೋಟೆಲಿನವರು ಪಾರ್ಸಲ್ಲಿಗೆಂದೇ ಬೇರೆ ಹೆಂಚು ಇಟ್ಟಿದ್ದಾರೆ. ಅದರಿಂದ ಸಾಲಿನ ಜಗಳ ತೀರುತ್ತದೆ, ದೋಸೆಯ ಗರಿ ಉಳಿಯುವುದಿಲ್ಲ.

ಆದ್ದರಿಂದ ನನ್ನ ವಿನಂತಿ: ದೋಸೆಯನ್ನು ಹೋಟೆಲಿಗೇ ಹೋಗಿ ತಿನ್ನಿ. ಮನೆಗೆ ಕಟ್ಟಿಸಿಕೊಳ್ಳಲೇಬೇಕಿದ್ದರೆ ಇಡ್ಲಿ ಕಟ್ಟಿಸಿಕೊಳ್ಳಿ. ಚಟ್ನಿ ಬೇರೆ ಪೊಟ್ಟಣದಲ್ಲಿರಲಿ, ಮಧ್ಯಾಹ್ನದೊಳಗೆ ಮುಗಿಸಿ.